ಮಂಡ್ಯದಲ್ಲಿ ಹಿಮ ಬೀಳಲ್ಲ, ಆದ್ರೂ ಚಳಿಗಾಲಕ್ಕೆ ವೈಪರ್ ಬೇಕು

ಹೋದ ಡಿಸೆಂಬರ್‌ನಲ್ಲಿ ಒಂದು ಬೆಳಗ್ಗೆ ಆರೂವರೆಗೆ ಮಂಡ್ಯದಿಂದ ಮಳವಳ್ಳಿ ಕಡೆ ಹೊರಟಿದ್ದೆ. ಗದ್ದೆ ಬಯಲಿನ ಮೇಲೆಲ್ಲ ಮಂಜು ಕೂತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸೂರ್ಯ ಹುಟ್ಟಿ ನೇರ ಎದುರಿಗೇ ಬಂದ. ಈ ರಸ್ತೆ ಸಾಗೋದು ಆಗ್ನೇಯ ದಿಕ್ಕಿಗೆ, ಡಿಸೆಂಬರ್ ಸೂರ್ಯ ಹುಟ್ಟೋದೂ ಆಗ್ನೇಯಕ್ಕೇ. ಮುಂದಿನ ಗ್ಲಾಸಿನ ಮೇಲಿದ್ದ ಇಬ್ಬನಿ ಒರೆಸೋಣ ಅಂತ ವೈಪರ್ ಹಾಕಿದೆ. ಒಂದೇ ಎಳೆತಕ್ಕೆ ಗ್ಲಾಸು ಪೂರ್ತಿ ಮಜ್ಜಿಗೆ ಚೆಲ್ಲಿದ ಹಾಗಾಯ್ತು. ರಸ್ತೆ ಮಾಯ.

ಬ್ರೇಕ್ ಒತ್ತಿ, ಪಕ್ಕದ ಗ್ಲಾಸ್ ಇಳಿಸಿ, ತಲೆ ಹೊರಗೆ ಹಾಕಿ ನೋಡಿದರೆ ಮೂವತ್ತು ಅಡಿ ಮುಂದೆ ಕಬ್ಬು ತುಂಬಿದ ಜೋಡಿ ಟ್ರೈಲರ್ ಟ್ರ್ಯಾಕ್ಟರ್. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಅದರ ತಪ್ಪು ಅದಕ್ಕಿದೆ. ಆದರೆ ನನ್ನ ತಪ್ಪು ನನ್ನ ಕಣ್ಣೆದುರೇ ನೇತಾಡ್ತಿತ್ತು: ತುದಿ ಸೀಳಿ, ಕಲ್ಲಿನಂತೆ ಗಟ್ಟಿಯಾಗಿದ್ದ ರಬ್ಬರ್ ಪಟ್ಟಿ. ಬದಲಾಯಿಸಿ ಎರಡು ವರ್ಷವಾಗಿತ್ತು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನು ನಾನು. ಮಳೆ ನಿಂತಿದೆಯಲ್ಲ, ಇನ್ನು ಜೂನ್‌ಗೆ ನೋಡಿದರಾಯ್ತು ಅಂದುಕೊಂಡಿದ್ದೆ.

ನಮ್ಮ ಕಡೆ ಬಹುತೇಕ ಎಲ್ಲರೂ ಹಾಗೇ ಅಂದುಕೊಳ್ತಾರೆ. ವೈಪರ್ ಅಂದ್ರೆ ಮಳೆಗಾಲದ ಸಾಮಾನು ಅಂತ. ಇಂಟರ್ನೆಟ್‌ನಲ್ಲಿ 'ಚಳಿಗಾಲದ ವೈಪರ್' ಅಂತ ಹುಡುಕಿದರೆ ಸಿಗೋದೆಲ್ಲ ಕೆನಡಾ, ನಾರ್ವೆಯ ಹಿಮದ ಕಥೆ. ಮಂಡ್ಯ, ಮದ್ದೂರು, ಮಳವಳ್ಳಿಯ ಚಳಿಗಾಲಕ್ಕೂ ಅದರದೇ ಆದ ಲೆಕ್ಕ ಇದೆ. ಈ ಬರಹ ಆ ಲೆಕ್ಕದ್ದು: ಯಾವ ವೈಪರ್ ಕೊಳ್ಳಬೇಕು, ಹೇಗೆ ನೋಡಿಕೊಳ್ಳಬೇಕು, ಅದರ ಕಾಸು ಯಾರು ಕೊಡಬೇಕು. ನಿಜವಾಗಿ ಹಿಮ ಬೀಳುವ ಕಡೆ ಹೋಗೋರಿಗೂ ಒಂದು ಭಾಗ ಇಟ್ಟಿದ್ದೇನೆ.

ನಮ್ಮ ಚಳಿಗಾಲದ ಶತ್ರುಗಳು

ಮಂಡ್ಯದಲ್ಲಿ ಎಷ್ಟೇ ಚಳಿ ಅಂದ್ರೂ ಉಷ್ಣಾಂಶ ಸೊನ್ನೆಗೆ ಇಳಿಯಲ್ಲ. ಗ್ಲಾಸಿನ ಮೇಲೆ ಮಂಜುಗಡ್ಡೆ ಕಟ್ಟಲ್ಲ. ಆದರೆ ನಾಲೆ ನೀರಿನ ಬಯಲು ಇದು. ಹಗಲೆಲ್ಲ ಗದ್ದೆ, ಕೆರೆ, ಕಬ್ಬಿನ ತೋಟದಿಂದ ಮೇಲೆದ್ದ ತೇವ ರಾತ್ರಿ ನೆಲ ತಣ್ಣಗಾದಾಗ ಮಂಜಾಗಿ ಕೆಳಗೇ ನಿಲ್ಲುತ್ತೆ. ಗಾಳಿ ಇಲ್ಲದ, ಮೋಡ ಇಲ್ಲದ ರಾತ್ರಿಗಳಲ್ಲಿ ಇದು ಜಾಸ್ತಿ. ತಗ್ಗಿನಲ್ಲಿ, ನಾಲೆ ಏರಿಯ ಪಕ್ಕ, ಶಿಂಷಾ ಹೊಳೆ ದಾಟುವ ಕಡೆ ದಟ್ಟವಾಗಿರುತ್ತೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಬೆಳಗಿನ ಜಾವ ರಸ್ತೆಗಿಳಿಯುವ ಹಾಲಿನ ವಾಹನದವರಿಗೆ, ತರಕಾರಿ ಗಾಡಿಯವರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ.

ಬರೀ ಇಬ್ಬನಿ ಆಗಿದ್ದರೆ ಯಾವ ವೈಪರ್ ಆದರೂ ಒರೆಸುತ್ತಿತ್ತು. ನಮ್ಮ ಕಡೆ ಇಬ್ಬನಿ ಒಂಟಿಯಾಗಿ ಬರಲ್ಲ. ಅದರ ಕೆಳಗೆ ಇವೆಲ್ಲ ಇರುತ್ತವೆ:

- ಆಲೆಮನೆ ಹೊಗೆಯ ಮಸಿ. ಕಬ್ಬಿನ ಗದ್ದೆಯಲ್ಲಿ ತರಗು ಸುಟ್ಟಾಗ ಹಾರಿ ಬರುವ ಕರಿ ಬೂದಿ. ಇದರಲ್ಲಿ ಜಿಡ್ಡಿನ ಅಂಶ ಇರುವುದರಿಂದ ಬರೀ ನೀರಿಗೆ ಹೋಗಲ್ಲ.
- ಒಕ್ಕಣೆ ದೂಳು. ರಾಗಿ, ಹುರುಳಿಯನ್ನು ರಸ್ತೆ ಮೇಲೆ ಹಾಸಿ ವಾಹನ ಹರಿಸಿ ಒಕ್ಕುವ ಕಾಲ ಇದು. ಹೊಟ್ಟು ಹಾರಿ ಬಾನೆಟ್ಟಿಗೂ ಗ್ಲಾಸಿಗೂ ನಡುವಿನ ಜಾಲರಿಯಲ್ಲಿ, ವೈಪರ್ ತುಟಿಯ ಕೆಳಗೆ ಸೇರಿಕೊಳ್ಳುತ್ತೆ.
- ರಸ್ತೆ ಕಾಮಗಾರಿಯ ದೂಳು, ಲಾರಿಯಿಂದ ಉದುರುವ ಎಂ-ಸ್ಯಾಂಡ್. ಗ್ಲಾಸಿಗೆ ಗೀರು ಬೀಳಿಸೋದು ಇದೇ.
- ಬತ್ತದ ಗದ್ದೆಯ ಹುಳ. ಸಂಜೆ ಲೈಟಿಗೆ ಬಂದು ಅಪ್ಪಳಿಸಿ ಅಂಟಿಕೊಂಡಿರುತ್ತೆ, ಬೆಳಗ್ಗೆಗೆ ಒಣಗಿ ಗಟ್ಟಿಯಾಗಿರುತ್ತೆ.

ಇಬ್ಬನಿ ಇವನ್ನೆಲ್ಲ ಕಲಸಿ ಒಂದು ತೆಳುವಾದ ಕೆಸರು ಮಾಡಿಟ್ಟಿರುತ್ತೆ. ಮಳೆ ಬಂದರೆ ನೀರು ತಾನೇ ತೊಳೆದುಕೊಂಡು ಹೋಗುತ್ತೆ. ಇಬ್ಬನಿಗೆ ಅಷ್ಟು ನೀರಿಲ್ಲ. ಆದ್ದರಿಂದ ಮಳೆಗಾಲದಲ್ಲಿ 'ಪರವಾಗಿಲ್ಲ' ಅನ್ನಿಸಿದ ವೈಪರ್ ಡಿಸೆಂಬರ್‌ನಲ್ಲಿ ಕೈ ಕೊಡುತ್ತೆ.

ಕೈ ಕೊಟ್ಟರೆ ಏನಾಗುತ್ತೆ? ಲೆಕ್ಕ ಹಾಕಿ. ಕಡಿಮೆ ವೇಗದಲ್ಲಿ ವೈಪರ್ ನಿಮಿಷಕ್ಕೆ ಸುಮಾರು 45 ಸಲ ಹೋಗಿ ಬರುತ್ತೆ. ಅಂದ್ರೆ ಒಂದು ಸುತ್ತಿಗೆ ಒಂದೂಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ ಕಾರು 22 ಮೀಟರ್ ಮುಂದೆ ಹೋಗಿರುತ್ತೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ರ ವೇಗ ಇದ್ದರೆ 37 ಮೀಟರ್. ಒಂದು ಎಳೆತ ಹಾಳಾದರೆ ಅಷ್ಟು ದೂರ ಕಣ್ಣುಮುಚ್ಚಿ ಓಡಿಸಿದ ಹಾಗೆ.

ಅದೂ ಎಂಥ ರಸ್ತೆಗಳಲ್ಲಿ? ಜಿಲ್ಲೆಯಲ್ಲಿ ನಾಲೆಯ ಪಕ್ಕದಲ್ಲೇ ಸಾಗುವ ರಸ್ತೆಗಳು ಎಷ್ಟೋ ಇವೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ಅದು ಮಂಜಿನಿಂದ ಆದದ್ದಲ್ಲ, ಹಾಡಹಗಲಲ್ಲೇ ಆದದ್ದು. ಹಗಲಲ್ಲೇ ಆ ಗತಿಯಾದರೆ ಮಬ್ಬು ಗ್ಲಾಸಿನ ಹಿಂದೆ ಕೂತವರ ಗತಿ ಏನು ಅನ್ನೋದು ಪ್ರಶ್ನೆ. ನಾಲೆಗೆ ತಡೆಗೋಡೆ ಕೇಳಲೇಬೇಕು, ಕೇಳುತ್ತಲೇ ಇರಬೇಕು. ಗೋಡೆ ಬರುವವರೆಗೆ ಗ್ಲಾಸಾದರೂ ನಮ್ಮ ಕೈಯಲ್ಲಿದೆ.

ಒಂದು ರಬ್ಬರ್ ತುಟಿಯ ಕೆಲಸ

ವೈಪರ್ ಹುಟ್ಟಿದ್ದೇ ಚಳಿಗಾಲದಿಂದ. ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಚಳಿಗಾಲದಲ್ಲಿ ನ್ಯೂಯಾರ್ಕ್‌ಗೆ ಹೋಗಿದ್ದಾಗ, ಹಿಮಮಳೆಯಲ್ಲಿ ಟ್ರಾಮ್ ಓಡಿಸುತ್ತಿದ್ದವನ ಪಾಡು ನೋಡಿದರು. ಒಳಗೆ ಕೂತೇ ಲಿವರ್ ತಿರುಗಿಸಿ ಗ್ಲಾಸ್ ಒರೆಸುವ ಸಾಧನಕ್ಕೆ 1903ರ ನವೆಂಬರ್ 10ರಂದು ಅವರಿಗೆ ಪೇಟೆಂಟ್ ಸಿಕ್ಕಿತು. ಅದನ್ನ ಯಾರೂ ಕೊಳ್ಳಲಿಲ್ಲ, ಪೇಟೆಂಟ್ ಅವಧಿ ಮುಗಿದ ಮೇಲೆ ಎಲ್ಲ ಕಾರಿನಲ್ಲೂ ವೈಪರ್ ಬಂತು. ಆಮೇಲೆ ಬಿಟ್ಟು ಬಿಟ್ಟು ಓಡುವ ವೈಪರ್ ಕಂಡುಹಿಡಿದ ರಾಬರ್ಟ್ ಕರ್ನ್ಸ್ ದೊಡ್ಡ ಕಾರು ಕಂಪನಿಗಳ ಮೇಲೆ ಕೇಸು ಹಾಕಿ ವರ್ಷಗಟ್ಟಲೆ ಹೋರಾಡಬೇಕಾಯ್ತು. 1990ರಲ್ಲಿ ಫೋರ್ಡ್ ಅವರಿಗೆ ಒಂದು ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ರಾಜಿ ಮಾಡಿಕೊಂಡಿತು. ಸಣ್ಣ ಸಾಮಾನು ಅಂತ ಕಡೆಗಣಿಸಿದ್ದರ ಹಿಂದೆ ಇಷ್ಟೆಲ್ಲ ಇದೆ.

ಈಗ ಅದು ಕೆಲಸ ಮಾಡುವ ಬಗೆ. ಮೋಟರ್ ತಿರುಗುತ್ತೆ, ಅದರ ಸುತ್ತಾಟವನ್ನು ಕಡ್ಡಿಗಳ ಜೋಡಣೆ ಎಡ–ಬಲದ ಓಲಾಟವಾಗಿ ಬದಲಿಸುತ್ತೆ. ತೋಳಿನಲ್ಲಿರುವ ಸ್ಪ್ರಿಂಗ್ ಬ್ಲೇಡನ್ನು ಗ್ಲಾಸಿಗೆ ಒತ್ತಿ ಹಿಡಿಯುತ್ತೆ. ಬ್ಲೇಡಿನ ರಬ್ಬರ್ ಪಟ್ಟಿಯ ತುದಿಯಲ್ಲಿ ತೆಳುವಾದ ತುಟಿ ಇದೆ. ಒರೆಸುವ ಕೆಲಸವೆಲ್ಲ ಆ ತುಟಿಯ ಚೂಪಾದ ಅಂಚಿನದ್ದು.

ಮುಖ್ಯ ಸಂಗತಿ ಇದು: ಆ ತುಟಿ ಚಲಿಸುವ ದಿಕ್ಕಿಗೆ ವಿರುದ್ಧವಾಗಿ ಹಿಂದಕ್ಕೆ ಬಾಗಿರಬೇಕು. ಬಲಕ್ಕೆ ಹೋಗುವಾಗ ಎಡಕ್ಕೆ, ಎಡಕ್ಕೆ ಬರುವಾಗ ಬಲಕ್ಕೆ. ಪ್ರತಿ ತಿರುವಿನಲ್ಲೂ ಮಗುಚಿಕೊಳ್ಳಬೇಕು. ರಬ್ಬರ್ ಮೆತ್ತಗಿದ್ದರೆ ಮಗುಚುತ್ತೆ, ನೀರನ್ನು ಎಳೆದುಕೊಂಡು ಹೋಗುತ್ತೆ. ಗಟ್ಟಿಯಾಗಿ ಒಂದೇ ಕಡೆಗೆ ಸೆಟೆದುಕೊಂಡಿದ್ದರೆ ಒಂದು ದಿಕ್ಕಿಗೆ ಸರಿಯಾಗಿ ಒರೆಸಿ, ಇನ್ನೊಂದು ದಿಕ್ಕಿಗೆ ಗ್ಲಾಸಿನ ಮೇಲೆ ಕುಪ್ಪಳಿಸುತ್ತೆ. 'ಟರ್ ಟರ್' ಸದ್ದು ಬರೋದು ಅದಕ್ಕೇ.

ಸಾಯೋದು ಬೇಸಿಗೆಯಲ್ಲಿ, ಗೊತ್ತಾಗೋದು ಚಳಿಗಾಲದಲ್ಲಿ

ಹಿಮದ ಊರಲ್ಲಿ ವೈಪರನ್ನು ಹಾಳು ಮಾಡೋದು ಚಳಿ. ನಮ್ಮೂರಲ್ಲಿ ಬಿಸಿಲು. ಮಾರ್ಚ್–ಏಪ್ರಿಲ್‌ನಲ್ಲಿ ಮದ್ದೂರು ಬಸ್‌ಸ್ಟ್ಯಾಂಡ್ ಹತ್ತಿರ ಮಧ್ಯಾಹ್ನ ಎರಡು ಗಂಟೆ ನಿಲ್ಲಿಸಿದ ಕಾರಿನ ಗ್ಲಾಸ್ ಮುಟ್ಟಿ ನೋಡಿ. ಕೈ ಇಡೋಕಾಗಲ್ಲ. ಆ ಬಿಸಿಗೆ ರಬ್ಬರ್ ಒಂದೇ ಭಂಗಿಯಲ್ಲಿ ಒತ್ತಿಕೊಂಡು ಕೂತಿರುತ್ತೆ. ನೇರಳಾತೀತ ಕಿರಣ, ಗಾಳಿಯ ಓಜೋನ್ ಎರಡೂ ಸೇರಿ ನೈಸರ್ಗಿಕ ರಬ್ಬರಿನಲ್ಲಿ ಸಣ್ಣ ಸಣ್ಣ ಬಿರುಕು ಹುಟ್ಟಿಸುತ್ತವೆ.

ಆಮೇಲೆ ಮಳೆ ಬರುತ್ತೆ. ನೀರು ಜಾಸ್ತಿ ಇರುವುದರಿಂದ ಹಾಳಾದ ರಬ್ಬರೂ ಜಾರುತ್ತೆ, ಹೇಗೋ ನಡೆಯುತ್ತೆ. ಆಮೇಲೆ ಇಬ್ಬನಿ. ಆಗ ಬಣ್ಣ ಬಯಲು.

ಆದ್ದರಿಂದ ಸರಳ ನಿಯಮ: ಬಿಸಿಲಲ್ಲಿ ನಿಲ್ಲುವ ಗಾಡಿಗೆ ವರ್ಷಕ್ಕೊಂದು ಸಲ ರಬ್ಬರ್ ಬದಲಾಯಿಸಿ. ದಿನವಿಡೀ ರಸ್ತೆಯಲ್ಲಿರುವ ಟ್ಯಾಕ್ಸಿ, ಗೂಡ್ಸ್ ಗಾಡಿಗೆ ಆರು ತಿಂಗಳಿಗೊಂದು ಸಲ. ಕಿಲೋಮೀಟರ್ ನೋಡಬೇಡಿ. ಶೆಡ್ಡಿನಲ್ಲಿ ನಿಂತ ಕಾರಿನ ರಬ್ಬರೂ ವಯಸ್ಸಿಗೆ ಗಟ್ಟಿಯಾಗುತ್ತೆ.

ಕಾಯಿಲೆ ಗುರುತಿಸೋದು

ಗ್ಲಾಸ್ ಒದ್ದೆ ಮಾಡಿ, ಎರಡು ಮೂರು ಸಲ ವೈಪರ್ ಓಡಿಸಿ. ಉಳಿದ ಗುರುತು ನೋಡಿ:

- ತೆಳುವಾದ ಗೀಟುಗಳು. ತುಟಿಯಲ್ಲಿ ಮರಳು ಸಿಕ್ಕಿದೆ ಅಥವಾ ಕಚ್ಚು ಬಿದ್ದಿದೆ. ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಹೋಗದಿದ್ದರೆ ರಬ್ಬರ್ ಬದಲಾಯಿಸಿ.
- ಅಗಲವಾದ ಪಟ್ಟೆ ಒರೆಸದೆ ಉಳಿದಿದೆ. ಅಲ್ಲಿ ಒತ್ತಡ ಬೀಳ್ತಿಲ್ಲ. ಫ್ರೇಮ್ ಬಾಗಿದೆ, ಇಲ್ಲವೇ ತೋಳಿನ ಸ್ಪ್ರಿಂಗ್ ಸಡಿಲವಾಗಿದೆ. ಬ್ಲೇಡ್ ಹೊಸದಾದರೂ ತೋಳು ಹಳೆಯದಾಗಿದ್ದರೆ ಹೀಗಾಗುತ್ತೆ.
- ಕುಪ್ಪಳಿಸುತ್ತೆ, ಸದ್ದು ಮಾಡುತ್ತೆ. ರಬ್ಬರ್ ಗಟ್ಟಿಯಾಗಿದೆ, ಅಥವಾ ಗ್ಲಾಸಿನ ಮೇಲೆ ಪಾಲಿಶ್, ಮೇಣದ ಪದರ ಇದೆ, ಅಥವಾ ತೋಳು ತಿರುಚಿಕೊಂಡಿದೆ.
- ಒರೆಸಿದ ಕಡೆಯೆಲ್ಲ ಮಬ್ಬು. ಇದು ಬ್ಲೇಡಿನ ತಪ್ಪಲ್ಲದಿರಬಹುದು. ಗ್ಲಾಸಿನ ಮೇಲೆ ಜಿಡ್ಡು ಕೂತಿದೆ. ಆಲೆಮನೆ ಹೊಗೆ, ಡೀಸೆಲ್ ಹೊಗೆ, ಮರದ ಅಂಟು.
- ಒಂದೇ ದಿಕ್ಕಿಗೆ ಒರೆಸುತ್ತೆ. ತುಟಿ ಸೆಟೆದುಕೊಂಡಿದೆ. ಔಷಧಿ ಇಲ್ಲ, ಬದಲಾಯಿಸಿ.

ಇನ್ನೊಂದು ಸುಲಭ ಪರೀಕ್ಷೆ: ಬೆರಳ ತುದಿಯಲ್ಲಿ ತುಟಿಯನ್ನು ಮೆಲ್ಲಗೆ ಎಡಕ್ಕೆ–ಬಲಕ್ಕೆ ಬಾಗಿಸಿ. ಸಲೀಸಾಗಿ ಮಗುಚಬೇಕು, ಬಿರುಕು ಕಾಣಬಾರದು. ಬೆರಳಿಗೆ ಸ್ವಲ್ಪ ಕಪ್ಪು ಅಂಟಿದರೆ ಹೆದರಬೇಡಿ, ಅದು ಜಾರಲಿ ಅಂತ ಹಚ್ಚಿರುವ ಗ್ರಾಫೈಟ್ ಇರಬಹುದು.

ಯಾವುದು ಕೊಳ್ಳೋದು

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ.

*ಹಳೇ ಮಾದರಿ ಫ್ರೇಮ್ ಬ್ಲೇಡ್.* ಕಬ್ಬಿಣದ ಕವಲುಗಳು ರಬ್ಬರನ್ನು ಹಲವು ಕಡೆ ಹಿಡಿದಿರುತ್ತವೆ. ಅಗ್ಗ, ಎಲ್ಲ ಕಡೆ ಸಿಗುತ್ತೆ. ಫ್ರೇಮ್ ಗಟ್ಟಿಯಿದ್ದರೆ ರಬ್ಬರ್ ಪಟ್ಟಿ ಮಾತ್ರ ಬದಲಿಸಬಹುದು. ತೊಂದರೆ ಏನು ಅಂದ್ರೆ ಕವಲುಗಳ ಸಂದಿಯಲ್ಲಿ ಹೊಟ್ಟು, ದೂಳು ಸೇರಿ ಬಿಗಿದುಕೊಳ್ಳುತ್ತೆ.

*ಫ್ರೇಮ್ ಇಲ್ಲದ ಚಪ್ಪಟೆ ಬ್ಲೇಡ್.* ಒಳಗೆ ಬಾಗಿದ ಉಕ್ಕಿನ ಪಟ್ಟಿ ಇರುತ್ತೆ, ಒತ್ತಡ ಉದ್ದಕ್ಕೂ ಸಮನಾಗಿ ಬೀಳುತ್ತೆ. ದೂಳು ಸೇರುವ ಸಂದಿ ಕಡಿಮೆ. ಹೆದ್ದಾರಿ ವೇಗದಲ್ಲಿ ಗಾಳಿಗೆ ಎದ್ದೇಳೋದು ಕಡಿಮೆ. ಆದರೆ ಆ ಬಾಗು ನಿಮ್ಮ ಕಾರಿನ ಗ್ಲಾಸಿನ ಬಾಗಿಗೆ ಹೊಂದಬೇಕು. ಹೊಂದದಿದ್ದರೆ ತುದಿಗಳು ಗ್ಲಾಸಿನಿಂದ ಎದ್ದು ನಿಲ್ಲುತ್ತವೆ.

*ಎರಡೂ ಸೇರಿದ ಹೈಬ್ರಿಡ್.* ಒಳಗೆ ಕವಲು ಫ್ರೇಮ್, ಮೇಲೆ ಪ್ಲಾಸ್ಟಿಕ್ ಮುಚ್ಚಳ. ಬೆಲೆಯೂ ಸಾಮಾನ್ಯವಾಗಿ ಜಾಸ್ತಿ.

ರಬ್ಬರಿನಲ್ಲೂ ಬಗೆ ಇದೆ. ನೈಸರ್ಗಿಕ ರಬ್ಬರ್ ಚೆನ್ನಾಗಿ ಒರೆಸುತ್ತೆ, ಬಿಸಿಲಿಗೆ ಬೇಗ ಸಾಯುತ್ತೆ. ಸಿಲಿಕೋನ್ ಬಿಸಿಲು–ಚಳಿ ಎರಡನ್ನೂ ತಡೆಯುತ್ತೆ, ಬೆಲೆ ಹೆಚ್ಚು. ಗ್ಲಾಸ್ ಕೊಳೆಯಾಗಿದ್ದರೆ ಸಿಲಿಕೋನ್ ಕೂಡ ಕುಪ್ಪಳಿಸುತ್ತೆ.

ನನ್ನ ಸಲಹೆ: ದಿನಾ ಹೆದ್ದಾರಿಯಲ್ಲಿ ಓಡುವವರು ಚಪ್ಪಟೆ ಬ್ಲೇಡ್ ಹಾಕಿಸಿ. ಊರಿನ ಸುತ್ತಮುತ್ತ ಓಡಾಡೋರಿಗೆ ಫ್ರೇಮ್ ಬ್ಲೇಡ್ ಸಾಕು, ವರ್ಷ ವರ್ಷ ಬದಲಾಯಿಸುವ ಶಿಸ್ತು ಇರಬೇಕು ಅಷ್ಟೇ. ದುಬಾರಿ ಬ್ಲೇಡ್ ಹಾಕಿ ಮೂರು ವರ್ಷ ಮರೆಯುವುದಕ್ಕಿಂತ ಅಗ್ಗದ್ದನ್ನು ವರ್ಷಕ್ಕೊಮ್ಮೆ ಬದಲಿಸೋದು ಒಳ್ಳೇದು.

ಅಂಗಡಿಗೆ ಹೋಗುವ ಮೊದಲು ಎರಡು ಸಂಗತಿ ತಿಳಿದಿರಲಿ. ಒಂದು, ಉದ್ದ. ಎಷ್ಟೋ ಕಾರುಗಳಲ್ಲಿ ಡ್ರೈವರ್ ಕಡೆಯದೇ ಬೇರೆ, ಪಕ್ಕದ್ದೇ ಬೇರೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇಂಚಿನ ಲೆಕ್ಕದಲ್ಲಿ ಬರೆದಿರುತ್ತೆ. ಇಲ್ಲದಿದ್ದರೆ ಟೇಪ್ ಹಿಡಿದು ರಬ್ಬರ್ ಅಳೆಯಿರಿ. ಒಂದು ಇಂಚು ಉದ್ದವಾದರೂ ಎರಡೂ ಬ್ಲೇಡ್ ಒಂದಕ್ಕೊಂದು ತಾಕಬಹುದು. ಎರಡು, ಕೊಂಡಿ. ತೋಳಿನ ತುದಿ ಕೊಕ್ಕೆಯ ಹಾಗಿದೆಯೋ, ಬೇರೆ ಬಗೆಯದೋ ಫೋಟೋ ತೆಗೆದುಕೊಂಡು ಹೋಗಿ ತೋರಿಸಿ. ಹ್ಯಾಚ್‌ಬ್ಯಾಕ್ ಆಗಿದ್ದರೆ ಹಿಂದಿನ ವೈಪರನ್ನೂ ಮರೆಯಬೇಡಿ.

ಪ್ಯಾಕೆಟ್ ಬಿಚ್ಚಿಸಿ ರಬ್ಬರ್ ಮುಟ್ಟಿ ನೋಡಿ. ಬಿಸಿಲು ಬೀಳುವ ಅಂಗಡಿ ಮುಂದೆ ವರ್ಷಗಟ್ಟಲೆ ನೇತುಹಾಕಿದ್ದ ಬ್ಲೇಡ್ ಹೊಸದಲ್ಲ.

ಹಾಕುವಾಗ ಒಂದು ಎಚ್ಚರಿಕೆ: ಬ್ಲೇಡ್ ಬಿಚ್ಚಿದ ಮೇಲೆ ತೋಳು ಬರಿದಾಗಿರುತ್ತೆ. ಸ್ಪ್ರಿಂಗ್ ಎಳೆದು ಅದು ಗ್ಲಾಸಿಗೆ ಬಡಿದರೆ ಗ್ಲಾಸ್ ಸೀಳುತ್ತೆ. ಗ್ಲಾಸಿನ ಮೇಲೆ ದಪ್ಪ ಟವೆಲ್ ಮಡಚಿ ಹಾಸಿ, ಆಮೇಲೆ ಕೆಲಸ ಶುರು ಮಾಡಿ. ಹೊಸ ಬ್ಲೇಡ್ 'ಟಕ್' ಅಂತ ಕೂತದ್ದನ್ನು ಕೇಳಿ, ಒಮ್ಮೆ ಎಳೆದು ನೋಡಿ.

ಬೆಳಗಿನ ಎರಡು ನಿಮಿಷ

ಚಳಿಗಾಲದಲ್ಲಿ ಕಾರು ಹತ್ತಿದ ಕೂಡಲೇ ವೈಪರ್ ಹಾಕೋದು ದೊಡ್ಡ ತಪ್ಪು. ನಾನು ಮಾಡಿದ್ದೂ ಅದೇ. ಹೀಗೆ ಮಾಡಿ:

1. ವೈಪರ್ ತೋಳು ಎತ್ತಿ, ಒದ್ದೆ ಬಟ್ಟೆಯಲ್ಲಿ ರಬ್ಬರ್ ತುಟಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದು ಒರೆಸಿ. ಬಟ್ಟೆ ಎಷ್ಟು ಕಪ್ಪಾಗುತ್ತೆ ನೋಡಿ, ನಂಬಲ್ಲ.
2. ಗ್ಲಾಸಿನ ಮೇಲೆ ಒಂದು ಚೊಂಬು ನೀರು ಹಾಕಿ. ತಣ್ಣೀರು ಸಾಕು.
3. ಜಾಲರಿಯಲ್ಲಿ ಸೇರಿದ ಎಲೆ, ಹೊಟ್ಟು ತೆಗೆಯಿರಿ. ಅದು ನೀರು ಹೋಗುವ ದಾರಿಯನ್ನೂ ಕಟ್ಟುತ್ತೆ.
4. ಆಮೇಲೆ ವಾಷರ್ ನೀರು ಚಿಮ್ಮಿಸಿ ವೈಪರ್ ಓಡಿಸಿ. ಒಣ ಗ್ಲಾಸಿನ ಮೇಲೆ ಯಾವತ್ತೂ ಬೇಡ.

ವಾರಕ್ಕೊಂದು ಸಲ ಸೋಪಿನ ನೀರಿನಲ್ಲಿ ಗ್ಲಾಸ್ ತೊಳೆಯಿರಿ, ಒಳಗೂ ಹೊರಗೂ. ಜಿಡ್ಡು ಹೋಗಲು ಪಾತ್ರೆ ತೊಳೆಯುವ ದ್ರವ ಎರಡು ಹನಿ ಬಕೆಟ್ಟಿಗೆ ಹಾಕಿದರೆ ಸಾಕು, ಚೆನ್ನಾಗಿ ಗಲಬರಿಸಿ.

ವಾಷರ್ ಟ್ಯಾಂಕಿಗೆ ಬೋರ್‌ವೆಲ್ ನೀರು ಹಾಕಬೇಡಿ. ಗಡಸು ನೀರಿನ ಉಪ್ಪು ಚಿಮ್ಮುವ ತೂತುಗಳನ್ನು ಕಟ್ಟುತ್ತೆ, ಗ್ಲಾಸಿನ ಮೇಲೆ ಬಿಳಿ ಕಲೆ ಬಿಡುತ್ತೆ. ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದ್ದರೆ ಒಂದು ಕ್ಯಾನ್ ತುಂಬಿಸಿಕೊಂಡು ಅದನ್ನೇ ಹಾಕಿ, ತಿಂಗಳುಗಟ್ಟಲೆ ಬರುತ್ತೆ. ತಲೆಗೆ ಹಾಕುವ ಶಾಂಪೂ ಪ್ಯಾಕೆಟ್ ಸುರಿಯೋದು ಬೇಡ. ನೊರೆ ಹೆಚ್ಚಾಗಿ, ಒಣಗಿದ ಮೇಲೆ ಪದರ ಕೂರುತ್ತೆ. ಅಂಗಡಿಯಲ್ಲಿ ವಾಷರ್ ದ್ರವ ಸಿಗುತ್ತೆ, ಅದನ್ನು ಬೆರೆಸಿ. ರಬ್ಬರಿಗೆ ಸೀಮೆಎಣ್ಣೆ, ಡೀಸೆಲ್, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಒಂದು ದಿನ ಮೆತ್ತಗಾದ ಹಾಗೆ ಕಂಡು ಆಮೇಲೆ ಉಬ್ಬಿ ಹಾಳಾಗುತ್ತೆ.

ಮಂಜು ಒಳಗಿದೆಯೋ, ಹೊರಗಿದೆಯೋ

ಎಷ್ಟೋ ಸಲ ವೈಪರಿಗೆ ಬೈತೀವಿ, ತಪ್ಪು ಅದರದ್ದಲ್ಲ. ಗ್ಲಾಸ್ ಮಬ್ಬಾದಾಗ ನೀರು ಚಿಮ್ಮಿಸಿ ಒಂದು ಸಲ ವೈಪರ್ ಓಡಿಸಿ. ತಿಳಿಯಾದರೆ ಮಂಜು ಹೊರಗಿದೆ. ಆಗದಿದ್ದರೆ ಒಳಗಿದೆ.

ಒಳಗಿನದ್ದು ನಮ್ಮ ಉಸಿರಿನ ತೇವ. ನಾಲ್ಕು ಜನ ಕೂತು ಎಲ್ಲ ಗ್ಲಾಸ್ ಮುಚ್ಚಿದರೆ ಐದೇ ನಿಮಿಷಕ್ಕೆ ಬರುತ್ತೆ. ಎ.ಸಿ. ಆನ್ ಮಾಡಿ, ಗಾಳಿಯನ್ನು ಮುಂದಿನ ಗ್ಲಾಸಿಗೆ ತಿರುಗಿಸಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಮಾಡಿ. ಎ.ಸಿ. ಗಾಳಿಯ ತೇವ ಹೀರುತ್ತೆ, ಜೊತೆಗೆ ಸ್ವಲ್ಪ ಹೀಟರ್ ಸೇರಿಸಿದರೆ ಬೇಗ ಹೋಗುತ್ತೆ. ಎ.ಸಿ. ಇಲ್ಲದ ಗಾಡಿಯಾದರೆ ಎರಡು ಕಡೆ ಗ್ಲಾಸ್ ಒಂದಿಂಚು ಇಳಿಸಿ. ಕೈಯಿಂದ ಒರೆಸಬೇಡಿ, ಜಿಡ್ಡು ಉಳಿದು ಎದುರಿನ ಲೈಟು ಒಡೆದು ಕಾಣುತ್ತೆ.

ಹೊರಗಿನದ್ದು ಬರೋದು ಗ್ಲಾಸ್ ಹೊರಗಿನ ಗಾಳಿಗಿಂತ ತಣ್ಣಗಾದಾಗ. ಅಂಥ ಹೊತ್ತಲ್ಲಿ ತಣ್ಣನೆ ಎ.ಸಿ. ಗಾಳಿಯನ್ನು ಗ್ಲಾಸಿಗೆ ಬಿಟ್ಟರೆ ಇನ್ನೂ ಹೆಚ್ಚುತ್ತೆ. ಎ.ಸಿ. ಉಷ್ಣಾಂಶ ಏರಿಸಿ, ಗಾಳಿ ಕಾಲಿನ ಕಡೆ ತಿರುಗಿಸಿ, ವೈಪರನ್ನು ಬಿಟ್ಟು ಬಿಟ್ಟು ಓಡುವಂತೆ ಇಡಿ.

ದಟ್ಟ ಮಂಜಿನಲ್ಲಿ ಡಿಮ್ ಲೈಟೇ ಸರಿ. ಹೈಬೀಮ್ ಹಾಕಿದರೆ ಮಂಜಿನ ಹನಿಗಳಿಗೆ ಬಡಿದು ಬೆಳಕು ನಮ್ಮ ಕಣ್ಣಿಗೇ ವಾಪಸ್ ಬರುತ್ತೆ. ಬೈಕಿನವರಿಗೂ ಇದೇ ಪಾಡು. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ. ಅವರೆಲ್ಲ ಈಗ ಸರ್ವಿಸ್ ರಸ್ತೆಯಲ್ಲಿ ಒಟ್ಟಿಗಿದ್ದಾರೆ. ಕಾರಿನ ಗ್ಲಾಸ್ ಸ್ವಚ್ಛವಾಗಿರೋದು ಕಾರಿನವರಿಗಷ್ಟೇ ಅಲ್ಲ, ಆ ಬೈಕಿನವರ ಜೀವಕ್ಕೂ ಬೇಕು.

ಹಿಮ ಬೀಳುವ ಕಡೆ ಹೋಗೋರಿಗೆ

ಕೆಎ-11 ನಂಬರಿನ ಕಾರಿನಲ್ಲಿ ಲಡಾಖ್‌ವರೆಗೆ ಹೋಗಿ ಬರಬೇಕು ಅನ್ನುವ ಗೆಳೆಯರಿದ್ದಾರೆ. ಇಲ್ಲಿ ಇಂಜಿನಿಯರಿಂಗ್ ಮುಗಿಸಿ ಟೊರಾಂಟೋ, ಷಿಕಾಗೋ ಸೇರಿ ಮೊದಲ ಚಳಿಗಾಲ ಎದುರಿಸುವ ನಮ್ಮ ಹುಡುಗ–ಹುಡುಗಿಯರೂ ಇದ್ದಾರೆ. ಅವರಿಗೆ ಮುಖ್ಯವಾದದ್ದಿಷ್ಟು:

- ಹೆಪ್ಪುಗಟ್ಟಿ ಗ್ಲಾಸಿಗೆ ಅಂಟಿದ ವೈಪರನ್ನು ಸ್ವಿಚ್ ಹಾಕಿ ಎಬ್ಬಿಸಬೇಡಿ. ರಬ್ಬರ್ ಹರಿಯುತ್ತೆ, ಫ್ಯೂಸ್ ಅಥವಾ ಮೋಟರ್ ಸುಡಬಹುದು. ಕಾರು ನಿಲ್ಲಿಸುವಾಗಲೇ ವೈಪರ್ ಸ್ವಿಚ್ ಆಫ್ ಮಾಡಿ ಇಳಿಯಿರಿ. ಇಲ್ಲದಿದ್ದರೆ ಬೆಳಗ್ಗೆ ಕೀ ತಿರುಗಿಸಿದ ಕೂಡಲೇ ತಾನೇ ಎಳೆಯಲು ಶುರು ಮಾಡುತ್ತೆ.
- ಬಿಸಿನೀರು ಸುರಿಯಬೇಡಿ. ಗ್ಲಾಸ್ ಸೀಳುತ್ತೆ. ಇಂಜಿನ್ ಚಾಲೂ ಮಾಡಿ ಹೀಟರ್ ಗಾಳಿ ಗ್ಲಾಸಿಗೆ ಬಿಟ್ಟು, ಪ್ಲಾಸ್ಟಿಕ್ ಸ್ಕ್ರೇಪರಿನಲ್ಲಿ ಮಂಜುಗಡ್ಡೆ ಕೆರೆಯಿರಿ. ವೈಪರ್ ಇರುವುದು ನೀರು ಒರೆಸಲು, ಮಂಜುಗಡ್ಡೆ ಕೆರೆಯಲು ಅಲ್ಲ.
- ವಾಷರ್ ಟ್ಯಾಂಕಿನಲ್ಲಿ ಬರೀ ನೀರಿದ್ದರೆ ಅದು ಹೆಪ್ಪುಗಟ್ಟಿ ಪಂಪು, ಪೈಪು ಒಡೆಯುತ್ತೆ. ಆಲ್ಕೊಹಾಲ್ ಬೆರೆಸಿದ ಚಳಿಗಾಲದ ದ್ರವವೇ ಬೇಕು. ಕೆನಡಾದಲ್ಲಿ ಮೈನಸ್ 40 ಡಿಗ್ರಿಗೂ ತಡೆಯುವಂಥದ್ದು ಸಿಗುತ್ತೆ. ಬಹಳಷ್ಟರಲ್ಲಿ ಮೆಥನಾಲ್ ಇರುತ್ತೆ, ಅದು ವಿಷ, ಮಕ್ಕಳ ಕೈಗೆ ಸಿಗದಿರಲಿ. ಇಲ್ಲಿಂದ ಲಡಾಖ್‌ಗೆ ಹೊರಡೋರು ಮೊದಲು ಟ್ಯಾಂಕಿನ ನೀರು ಖಾಲಿ ಮಾಡಿಸಿ.
- ಫ್ರೇಮ್ ಬ್ಲೇಡಿನ ಕವಲುಗಳಲ್ಲಿ ಹಿಮ ತುಂಬಿ ಬಿಗಿದುಕೊಳ್ಳುತ್ತೆ. ಚಪ್ಪಟೆ ಬ್ಲೇಡ್ ಅಥವಾ ಫ್ರೇಮಿಗೆ ರಬ್ಬರ್ ಹೊದಿಕೆ ಇರುವ ಚಳಿಗಾಲದ ಬ್ಲೇಡ್ ಹಾಕಿಸಿ. ಹೊದಿಕೆಯದ್ದು ಭಾರ ಹೆಚ್ಚು, ಬೇಸಿಗೆಗೆ ತೆಗೆಯಿರಿ.
- ರಾತ್ರಿ ಹಿಮ ಬೀಳುವಂತಿದ್ದರೆ ತೋಳು ಎತ್ತಿಟ್ಟರೆ ಅಂಟಲ್ಲ. ಜೋರು ಗಾಳಿ ಇದ್ದರೆ ಎತ್ತಬೇಡಿ, ಬಡಿದು ಗ್ಲಾಸ್ ಒಡೆಯಬಹುದು.

ಕಾಸು ಯಾರದ್ದು?

ಆ ದಿನ ಮಳವಳ್ಳಿಯಲ್ಲಿ ಟೀ ಕುಡಿಯುತ್ತಾ ನಿಂತಿದ್ದಾಗ ಪಕ್ಕದಲ್ಲಿದ್ದ ಹಳದಿ ಬೋರ್ಡ್ ಕಾರಿನ ಡ್ರೈವರಣ್ಣನಿಗೆ ನನ್ನ ಕಥೆ ಹೇಳಿದೆ. ಅವರು ತಮ್ಮ ಗಾಡಿ ತೋರಿಸಿದರು. ಡ್ರೈವರ್ ಕಡೆಯ ರಬ್ಬರ್ ಅರ್ಧ ಇರಲೇ ಇಲ್ಲ. "ಓನರ್‌ಗೆ ಹೇಳುದ್ರೆ, ಮಳೆ ನಿಂತ್ಮೇಲೆ ವೈಪರ್ ಯಾಕ್ಲಾ ಅಂತಾರೆ ಸಾರ್. ನಂದೇ ಕಾಸ್ ಹಾಕ್ಬೇಕು. ದಿನದ ಬಾಟಾದಲ್ಲಿ ಮನೆ ನೋಡ್ಲಾ, ವೈಪರ್ ನೋಡ್ಲಾ?"

ಇದು ಒಬ್ಬರ ಮಾತಲ್ಲ. ಗಾಡಿ ಒಬ್ಬರದ್ದು, ಸ್ಟೀರಿಂಗ್ ಇನ್ನೊಬ್ಬರ ಕೈಯಲ್ಲಿ ಅನ್ನುವ ಕಡೆಯೆಲ್ಲ ಸಣ್ಣ ರಿಪೇರಿಗಳ ಭಾರ ಮೆಲ್ಲಗೆ ಡ್ರೈವರ್ ಜೇಬಿಗೆ ಜಾರುತ್ತೆ. ಅಪಘಾತ ಆದರೆ ಕೇಸೂ ಅವರ ಮೇಲೇ.

ಕಾನೂನು ಹಾಗೆ ಹೇಳಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 101ನೇ ನಿಯಮದ ಪ್ರಕಾರ ಮುಂದಿನ ಗ್ಲಾಸ್ ಇರುವ ಗಾಡಿಗೆ ಸಮರ್ಥವಾಗಿ ಕೆಲಸ ಮಾಡುವ, ಯಂತ್ರದಿಂದ ಓಡುವ ವೈಪರ್ ಇರಲೇಬೇಕು. ಬೈಕಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ. 'ಸಮರ್ಥ' ಅನ್ನುವ ಪದ ಗಮನಿಸಿ. ತೋಳು ಇದ್ದರೆ ಸಾಲದು, ಒರೆಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್, ಅಪಾಯ ತರುವಂಥ ದೋಷ ಇರುವ ಗಾಡಿಯನ್ನು ಓಡಿಸುವವರನ್ನಷ್ಟೇ ಅಲ್ಲ, ಓಡಿಸಲು ಹಚ್ಚುವವರನ್ನು, ಓಡಿಸಲು ಬಿಡುವವರನ್ನೂ ಹೊಣೆ ಮಾಡುತ್ತೆ. ದೋಷ ಗೊತ್ತಿದ್ದರೂ ಅಥವಾ ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗುವಂತಿದ್ದರೂ ಸಾಕು. ಅಂದ್ರೆ ಓನರ್ ತಪ್ಪಿಸಿಕೊಳ್ಳೋಕಾಗಲ್ಲ.

ಬಾಡಿಗೆ, ಸರಕು ಸಾಗಣೆ ಗಾಡಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪತ್ರ ಬೇಕು. ಆದರೆ ಎರಡು ವರ್ಷದಲ್ಲಿ ಒಂದು ವೈಪರ್ ರಬ್ಬರ್ ಎರಡು ಸಲ ಸಾಯುತ್ತೆ. ಪತ್ರ ಇದೆ ಅಂದ ಮಾತ್ರಕ್ಕೆ ಗ್ಲಾಸ್ ಕಾಣುತ್ತೆ ಅಂತಲ್ಲ. ಸ್ವಂತ ಕಾರಿಗಂತೂ ಮೊದಲ 15 ವರ್ಷ ಆ ಪರೀಕ್ಷೆಯೂ ಇಲ್ಲ, ನಮ್ಮ ಮೇಲೆ ನಾವೇ ಇನ್‌ಸ್ಪೆಕ್ಟರ್.

ಡ್ರೈವರುಗಳಿಗೆ ಒಂದು ಮಾತು: ದೋಷವನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಹರಿದ ರಬ್ಬರಿನ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ, ತಾರೀಖು ತಾನೇ ಉಳಿಯುತ್ತೆ. ಟ್ಯಾಕ್ಸಿ, ಸ್ಕೂಲ್ ವ್ಯಾನ್ ಹತ್ತುವವರಿಗೂ ಒಂದು ಮಾತು: ಮಕ್ಕಳನ್ನು ಕೂರಿಸುವ ಮೊದಲು ಗ್ಲಾಸಿನ ಕಡೆ ಒಮ್ಮೆ ನೋಡಿ. ಡ್ರೈವರಣ್ಣನ ಜೊತೆ ಜಗಳ ಬೇಡ, ಓನರ್ ನಂಬರ್ ಕೇಳಿ. ಕಬ್ಬಿನ ಟ್ರೈಲರ್‌ಗಳಿಗೆ ರಿಫ್ಲೆಕ್ಟರ್ ಕಡ್ಡಾಯವಾಗಿ ಅಂಟಿಸಿ ಅಂತ ಕಾರ್ಖಾನೆಗಳನ್ನು, ಪೊಲೀಸರನ್ನು ಕೇಳುವ ಹಕ್ಕು ನಮಗಿದೆ. ಕೇಳುವಾಗ ನಮ್ಮ ಗ್ಲಾಸ್ ಚೊಕ್ಕಟವಾಗಿದ್ದರೆ ಮಾತಿಗೂ ತೂಕ.

ಯಾವಾಗ ನೋಡೋದು?

ದಿನಾಂಕ ನೆನಪಿಡೋದು ಕಷ್ಟ. ಆಯುಧಪೂಜೆ ಮರೆಯಲ್ಲ. ಮಂಜು ಬೀಳುವ ಕಾಲಕ್ಕೆ ಸ್ವಲ್ಪ ಮುಂಚೆಯೇ ಬರುವ ಹಬ್ಬ ಅದು, ಹೇಗೂ ಅವತ್ತು ಗಾಡಿ ತೊಳೀತೀವಿ. ಬಾಳೆಕಂದು ಕಟ್ಟುವ ಮೊದಲು ವೈಪರ್ ತೋಳು ಎತ್ತಿ, ತುಟಿಗೆ ಬೆರಳಾಡಿಸಿ. ಸೆಟೆದುಕೊಂಡಿದ್ದರೆ ಅವತ್ತೇ ಬದಲಿಸಿ. ಸೇವಂತಿಗೆ ಹಾರವನ್ನು ವೈಪರಿಗೆ ಸಿಕ್ಕಿಸಬೇಡಿ, ತೋಳು ಬಾಗುತ್ತೆ. ಗ್ಲಾಸಿಗೆ ಹಚ್ಚಿದ ಅರಿಶಿನ–ಕುಂಕುಮ, ಗಂಧವನ್ನು ಗಾಡಿ ತೆಗೆಯುವ ಮೊದಲು ಬಟ್ಟೆಯಲ್ಲಿ ಒರೆಸಿ, ವೈಪರಿನಿಂದಲ್ಲ.

ನಾನು ಆ ಮಧ್ಯಾಹ್ನವೇ ಮಳವಳ್ಳಿಯಲ್ಲಿ ಎರಡು ಬ್ಲೇಡ್ ಕೊಂಡು ಹಾಕಿದೆ. ಹತ್ತು ನಿಮಿಷದ ಕೆಲಸ. ಡ್ರೈವರಣ್ಣನ ಗಾಡಿಯ ರಬ್ಬರ್ ಫೋಟೋ ತೆಗೆದು ಅವರ ಓನರ್‌ಗೆ ಅವರ ಫೋನಿನಿಂದಲೇ ಕಳಿಸಿದೆವು. ಸಂಜೆ ವಾಪಸ್ ಹೊರಡುವಷ್ಟರಲ್ಲಿ ಉತ್ತರ ಬಂದಿತ್ತು: 'ಹಾಕುಸ್ಕೊ, ಬಿಲ್ ತಗೊಂಬಾ.'